ಊರಿನ ಪಾಲಿನ ವಿದ್ಯೆ

ಎರಡು ಸಾವಿರದ ಇಸವಿಯ ಒಂದು ಭಾನುವಾರ. ಕಡಲಾಚೆಯ ಕ್ಯಾಂಪ್‌ಬೆಲ್ಲಿನ ತನ್ನ ಅಪಾರ್ಟ್‌ಮೆಂಟಿನಲ್ಲಿ ಮನ್ಸೂರ್, ಹಳೆಯ ಕಾಲದ ಮುಸ್ಲಿಂ ಪಂಡಿತರು ವಿದ್ಯೆಗಳನ್ನು ಹೇಗೆ ವಿಂಗಡಿಸಿದ್ದರೆಂದು ಆರು ಮನೆಯವರಿಗೆ ವಿವರಿಸುತ್ತಿದ್ದ. ಇಂಜಿನಿಯರಾದ್ದರಿಂದ ಎಕ್ಸೆಲ್ ಶೀಟಿನಲ್ಲಿ. ಪಕ್ಕದ ಮನೆಯ ಗುರುಪ್ರಸಾದ ಬಿರಿಯಾನಿಗೆಂದು ಬಂದು ವಿದ್ಯೆಯ ಕೈಗೆ ಸಿಕ್ಕಿಬಿದ್ದಿದ್ದ. ಅವನಿಗಾಗಿ ಮಾತು ಉರ್ದುವಿನಿಂದ ಕನ್ನಡಕ್ಕೆ ತಿರುಗಿತ್ತು.

ಮನ್ಸೂರನ ಮಗಳು ಹಫ್ಸಾ ಅಡುಗೆಮನೆಯ ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತಿದ್ದಳು. ಹೇವರ್ಡಿನ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಬಿಟ್ಟು ನರ್ಸಿಂಗ್ ಓದಬೇಕೆಂದು ಅವಳ ಹಟ. ಅದಕ್ಕೆ ಅಪ್ಪನ ಸಹಿ ಬೇಕಿರಲಿಲ್ಲ. ಅವಳಿಗೆ ಅಪ್ಪನ ಒಪ್ಪಿಗೆ ಬೇಕಿತ್ತು. ಮೂರು ವಾರದಿಂದ ಅವನು “ನೋಡೋಣ” ಎನ್ನುತ್ತಿದ್ದ. ಹಾಗೆಂದರೆ ಏನೆಂದು ಮನೆಯವರಿಗೆಲ್ಲ ಗೊತ್ತಿತ್ತು.

“ಮೊದಲನೇ ಕಾಲಮ್ಮು, ಪ್ರತಿಯೊಬ್ಬರೂ ಕಲೀಬೇಕಾದ್ದು. ನಮಾಜು, ರೋಜಾದ ಉಪವಾಸ ಇಂಥದ್ದು,” ಎಂದ ಮನ್ಸೂರ್. “ಎರಡನೇದು ಊರಿನ ಪಾಲಿಂದು. ವೈದ್ಯ, ಗಣಿತ, ನೇಯ್ಗೆ, ಬೇಸಾಯ. ಊರಲ್ಲಿ ಬೇಕಾದಷ್ಟು ಜನ ಕಲಿತರೆ ಮಿಕ್ಕವರು ಬಚಾವ್. ಯಾರೂ ಕಲೀದಿದ್ರೆ ಊರಿಗೂರೇ ಪಾಪಿ.”

“ಲೋಡ್ ಶೇರಿಂಗು ಅನ್ನಿ,” ಎಂದ ಗುರುಪ್ರಸಾದ.

“ಅದೇ! ಒಂಬೈನೂರು ವರ್ಷದ ಹಿಂದೇನೇ ಒಬ್ಬ ಪಂಡಿತರು ಬೈದಿದ್ದಾರೆ: ಹುದ್ದೆ ಸಿಗತ್ತೆ ಅಂತ ಎಲ್ಲರೂ ಕಾನೂನು ಓದೋಕೆ ನುಗ್ತೀರಿ, ವೈದ್ಯ ಕಲಿಯೋರೇ ಇಲ್ಲ ಅಂತ.”

“ಇಲ್ಲಿರೋ ನಮ್ಮೋರ ಲೆಕ್ಕಾನೂ ತುಂಬಿಸಿ ನೋಡೋಣ ಕಣ್ರೀ,” ಎಂದ ಗುರುಪ್ರಸಾದ.

ಮನ್ಸೂರ್ ಹುರುಪಿನಿಂದ ತುಂಬಿಸಿದ. ಕಂಪ್ಯೂಟರಿನ ಜಾವಾ, ಹನ್ನೊಂದು ಜನ. ಡೇಟಾಬೇಸು, ಏಳು. ವೈದ್ಯಕ್ಕೆ ಒಬ್ಬಳೇ, ಗುರುಪ್ರಸಾದನ ಹೆಂಡತಿ ಶೈಲಜಾ. ಅದೂ ಪಕ್ಕದ ಮನೆಯಿಂದ ಎರವಲು ತಂದ ಹೆಸರು. ಬೇಸಾಯಕ್ಕೆ ಯಾರೋ ಬಾಲ್ಕನಿಯ ಪುದೀನ ನೆನಪಿಸಿದರು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮನ್ಸೂರನ ತಾಯಿ ರಹಮತ್ ಬೀ, ವಿಜಯಪುರದವರು, ತಲೆಯೆತ್ತಿದರು.

“ಅದರಾಗ ಸತ್ತ ಹೆಂಗಸರ ಮೈ ತೊಳಿಯೋದು ಬರದೀಯೇನೋ?”

“ಅದಕ್ಕೆ ನೀವಿದ್ದೀರಲ್ಲ, ಅಮ್ಮೀ.”

“ಇದ್ದೀನಿ, ಖರೆ. ನಂದು ಯಾರು ತೊಳೀತಾರ? ನಿನ್ನ ಜಾವಾದವರೇನು?”

ಹನ್ನೊಂದು ಜನ ಜಾವಾದವರು ಕಾರ್ಪೆಟ್ಟು ನೋಡಿದರು.

“ಐ ವಿಲ್, ದಾದಿ,” ಎಂದಳು ಹಫ್ಸಾ ಅಜ್ಜಿಗೆ. ಆಮೇಲೆ ಅಪ್ಪನ ಕಡೆ ತಿರುಗಿ, ಅಪರೂಪಕ್ಕೆ ಕನ್ನಡದಲ್ಲಿ: “ಬದುಕಿರೋರನ್ನೂ ನೋಡ್ಕೋತೀನಿ, ಅಬ್ಬಾ. ಅದಕ್ಕೂ ಕಲೀಬೇಕು.”

“ಬೇಟಾ, ಇದು ಥಿಯರಿ...” ಎಂದು ಮನ್ಸೂರ್ ಶುರುಮಾಡಿದ. ತಾಯಿ ಅವನನ್ನೇ ನೋಡುತ್ತಿದ್ದರು. ಥಿಯರಿ ಅಲ್ಲಿಗೇ ನಿಂತಿತು.

ಮನ್ಸೂರ್ ಮಗಳನ್ನು ಕೇಳಿದ: “ಆ ನರ್ಸಿಂಗ್ ಕ್ಲಾಸು ಬೆಳಗ್ಗೆ ಎಷ್ಟಕ್ಕೆ?”

“ಎಂಟಕ್ಕೆ.”

“ಹಾಗಾದ್ರೆ ಆರೂವರೆಗೇ ಮನೆ ಬಿಡಬೇಕು. ಆಮೇಲೆ ಫ್ರೀವೇ ಜಾಮ್ ಆಗತ್ತೆ.”