ದೊನ್ ಎವಾರಿಸ್ತೊ ಮನೆಯ ಏರು

ನೇಲಿದಾ ಓಯಾರ್ಸೂನ್‌ಗೆ ಆ ಬೆಳಿಗ್ಗೆ ಎದ್ದಾಗಿನಿಂದ ಒಂದು ಕಡೆ ಕೂರಲಾಗಲಿಲ್ಲ. ಯೆರ್ಬಾ ಎಲೆಯ ಕಷಾಯವನ್ನು ಸೋರೆಬುರುಡೆಯಲ್ಲಿ ಬೆರೆಸಿಕೊಂಡು ಎರಡು ಗುಟುಕು ಹೀರಿ ಬಿಟ್ಟಳು. ಕಿಟಕಿಯ ಬಳಿ ಹೋದಳು, ಬಂದಳು, ಮತ್ತೆ ಹೋದಳು. ಹಿಂದಿನ ಸಂಜೆ ಮಳೆ ಸುರಿದಿತ್ತು. ಆ ನೀರು ಹೆಪ್ಪುಗಟ್ಟಿ, ಅದರ ಮೇಲೆ ನಾಲ್ಕು ಬೆರಳು ಹಿಮ ಬಿದ್ದಿತ್ತು. ಭೂಮಿಯ ದಕ್ಷಿಣ ತುದಿಯ ಊರಾದ ಉಶುವಾಯಾದಲ್ಲಿ ಗಾಡಿ ಓಡಿಸುವವರು ಹೆದರುವುದು ಇಂಥ ದಿನಕ್ಕೇ. ಬರೀ ಹಿಮವಾದರೆ ಗಾಲಿಗೆ ಹಿಡಿತ ಸಿಗುತ್ತದೆ. ಬರೀ ಮಂಜುಗಡ್ಡೆಯಾದರೆ ಕಣ್ಣಿಗಾದರೂ ಕಾಣುತ್ತದೆ. ಒಂದರ ಮೇಲೊಂದು ಕೂತರೆ ಎರಡೂ ಇಲ್ಲ.

ಆದರೆ ಅವಳನ್ನು ಕೂರಗೊಡದಿದ್ದದ್ದು ಹಿಮವಲ್ಲ, ದೊನ್ ಎವಾರಿಸ್ತೊನ ಮಗಳು ಸುಲೇಮಾಳ ಫೋನು.

"ದೊನ್ಯಾ ನೇಲಿದಾ, ಅಪ್ಪನ ಕಾಲಿನ ಎರಡು ಬೆರಳು ತೆಗೆದಿದಾರೆ, ನಿಮಗೇ ಗೊತ್ತಲ್ಲ. ಕೆಳಗಿನ ರಸ್ತೆವರೆಗೂ ನಡ್ಕೊಂಡು ಬರೋಕಾಗಲ್ಲ. ಇವತ್ತು ವ್ಯಾನು ಮೇಲೆ ತರ್ಲೇಬೇಕು."

"ನಿಯಮ ಇದೆಯಲ್ಲ ಸುಲೇಮಾ. ಚಳಿಗಾಲದಲ್ಲಿ ಆ ಏರು ಹತ್ತೋ ಹಾಗಿಲ್ಲ."

"ಹಾಗಾದ್ರೆ ನಿಯಮ ಮಾಡಿದೋರನ್ನೇ ಕಳಿಸಿ. ಹೆಗಲ ಮೇಲೆ ಹೊತ್ಕೊಂಡು ಇಳೀಲಿ!"

ಅಂಥ ನಿಯಮವೇ ಇರಲಿಲ್ಲ. ಅದನ್ನು ಮಾಡಿದವಳು ನೇಲಿದಾಳೇ.

ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಕರೆತಂದು, ಮುಗಿದ ಮೇಲೆ ಮನೆಗೆ ಬಿಡುವುದು ಅವಳ ಹನ್ನೊಂದು ವರ್ಷದ ಕೆಲಸ. ಹೋದ ಚಳಿಗಾಲದಲ್ಲಿ ಒಂದು ದಿನ, ಅದೇ ಏರನ್ನು ಇಳಿಯುವಾಗ, ಇಬ್ಬರು ರೋಗಿಗಳು ಕೂತಿದ್ದ ವ್ಯಾನು ಜಾರಿತು. ಅವಳು ಬ್ರೇಕನ್ನು ಬಲವಾಗಿ ತುಳಿದಳು. ಗಾಲಿ ನಿಂತವು, ವ್ಯಾನು ಮಾತ್ರ ನಿಲ್ಲಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ನಲವತ್ತು ಮೀಟರು ಜಾರಿದ ವ್ಯಾನು ತಾನಾಗಿಯೇ ಹೋಗಿ ರಸ್ತೆ ಬದಿಯ ಹಿಮದ ಗುಡ್ಡೆಗೆ ಮೂತಿ ಇಟ್ಟು ನಿಂತಿತು. ಹಿಂದೆ ಕೂತಿದ್ದವರು "ಏನು ಕೈಚಳಕ!" ಎಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸದ್ದು ಅವಳಿಗೆ ಇನ್ನೂ ಕೇಳುತ್ತಿತ್ತು. ಅಂದಿನಿಂದ ಅವಳು ವ್ಯಾನನ್ನು ಕೆಳಗಿನ ಸಮತಟ್ಟು ರಸ್ತೆಯಲ್ಲಿ ನಿಲ್ಲಿಸಿ, ಎಪ್ಪತ್ತಮೂರರ ದೊನ್ ಎವಾರಿಸ್ತೊನನ್ನು ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದಳು. ಹೋದ ಚಳಿಗಾಲವೂ ಈ ಚಳಿಗಾಲವೂ ಅವನು ಆ ಹಿಮ ತುಳಿದ. ಈಗ ಬೆರಳುಗಳು ಹೋಗಿದ್ದವು.

ಹತ್ತು ಗಂಟೆಗೆ, ಆ ಊರಿನ ಚಳಿಗಾಲದ ಸೂರ್ಯ ಇನ್ನೂ ಪೂರ್ತಿ ಮೇಲೇಳುವ ಮೊದಲೇ, ಅವಳು ಏರಿನ ಬುಡಕ್ಕೆ ಬಂದಳು. ಎರಡನೇ ಗೇರಿಗೆ ಹಾಕಿ, ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಹಿಡಿದು, ಎಲ್ಲಿಯೂ ನಿಲ್ಲಿಸದೆ ಹತ್ತಿದಳು. ಮೊಳೆ ಹೊಡೆದ ಟಯರುಗಳು ಕರಕರ ಎಂದವು. ಮನೆಯ ಮುಂದೆ ನಿಲ್ಲಿಸಿ, ಮುಂದಿನ ಗಾಲಿಗಳನ್ನು ರಸ್ತೆಯ ಕಡೆಗೆ ತಿರುಗಿಸಿ, ಹಿಂದೆ ಸರಿದರೂ ಗಾಲಿ ಫುಟ್‌ಪಾತಿನ ಅಂಚಿಗೆ ತಾಗುವಂತೆ ಮಾಡಿದಳು. ಗೇರಿನಲ್ಲೇ ಎಂಜಿನ್ ಆರಿಸಿ, ಹಿಂದಿನ ಗಾಲಿಗೆ ಮರದ ತುಂಡು ಕೊಟ್ಟು ತಲೆ ಎತ್ತಿದಾಗ ಆ ಕಾರು ಕಂಡಿತು.

ಎದುರು ಬದಿಯಲ್ಲಿ, ಮೂರು ಮನೆ ಮೇಲೆ, ಮೂತಿ ಕೆಳಗೆ ಮಾಡಿ ನಿಂತಿದ್ದ ಬಿಳಿ ಕಾರು. ಗಾಲಿ ನೆಟ್ಟಗೆ. ಎಂಜಿನ್ ಓಡುತ್ತಿತ್ತು, ಒಳಗೆ ಯಾರೂ ಇಲ್ಲ. ಅದು ಜಾರಿದರೆ ರಸ್ತೆ ವಾಲಿರುವುದರಿಂದ ಸೀದಾ ತನ್ನ ವ್ಯಾನಿನ ಕಡೆಗೇ ಬರುತ್ತದೆಂದು ಅವಳ ಕಣ್ಣು ಆಗಲೇ ಅಳೆದಿತ್ತು.

ಸುಲೇಮಾ ಒಂದು ಕಡೆ, ತಾನೊಂದು ಕಡೆ ಹಿಡಿದು ದೊನ್ ಎವಾರಿಸ್ತೊನನ್ನು ವ್ಯಾನಿನ ಮುಂದಿನ ಸೀಟಿಗೆ ಹತ್ತಿಸುವಾಗಲೂ ಅವಳ ನೋಟ ಅಲ್ಲೇ ಇತ್ತು.

"ಏನಮ್ಮ, ನನ್ನನ್ನ ಹತ್ತಿಸ್ತಿದೀಯೋ, ಆ ಕಾರನ್ನ ನೋಡೋಕೆ ಬಂದಿದೀಯೋ?" ಎಂದ ಮುದುಕ.

"ಯಾರದು ಅದು?"

"ಹೊಸ ಹುಡುಗ. ಫಾಬ್ರಿಸಿಯೊ. ಫ್ಯಾಕ್ಟರಿ ಕೆಲಸಕ್ಕೆ ಬಂದಿದಾನೆ, ಉತ್ತರದೋನು."

ನೇಲಿದಾ ನಾಲ್ಕು ಹೆಜ್ಜೆ ಮೇಲೆ ಹೋಗಿ ನೋಡಿದಳು. ಮುಂದಿನ ಗಾಲಿ ನಿಂತಿದ್ದ ಕುಣಿ ಈಗ ಗಾಲಿಗಿಂತ ಒಂದು ಗೇಣು ಹಿಂದಿತ್ತು. ಕಾರು ಸದ್ದಿಲ್ಲದೆ ಜರುಗುತ್ತಿತ್ತು. ಅವಳು ಓಡಿಹೋಗಿ ಅವನ ಮನೆಯ ಬಾಗಿಲು ಬಡಿದಳು.

ಮೂವತ್ತರೊಳಗಿನ ಫಾಬ್ರಿಸಿಯೊ ತೊಲಾಬಾ ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡೇ ಬಂದ.

"ನಿನ್ನ ಕಾರು ಜರುಗ್ತಿದೆ ಕಣಯ್ಯ!"

"ಹ್ಯಾಂಡ್ ಬ್ರೇಕ್ ಹಾಕಿದೀನಿ ಸೆನ್ಯೋರಾ. ಎಂಜಿನ್ ಬಿಸಿ ಆಗ್ಲಿ ಅಂತ."

"ಹ್ಯಾಂಡ್ ಬ್ರೇಕ್ ಏನು ನೆಲಕ್ಕೆ ಬೇರು ಬಿಟ್ಟಿದೆಯಾ? ಗೇರಲ್ಲಿಲ್ಲ, ಗಾಲಿ ತಿರುಗಿಸಿಲ್ಲ..."

"ನಾನು ಹುಹುಯ್‌ನೋನು. ಬೆಟ್ಟದ ರಸ್ತೇಲೇ ಹುಟ್ಟಿ ಬೆಳ್ದೋನು," ಎಂದು ನಗುತ್ತಾ ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡು ಹೋಗಿ ಕಾರು ಹತ್ತಿದ. ಬಾಗಿಲು ಧಡ್ ಎಂದು ಹಾಕಿಕೊಂಡ.

ಅಷ್ಟು ಸಾಕಾಯಿತು. ಕಾರು ಹೊರಟಿತು.

ಅವನು ಬ್ರೇಕ್ ತುಳಿದದ್ದು ಹಿಂದಿನ ಕೆಂಪು ದೀಪದಲ್ಲಿ ಕಂಡಿತು. ನಾಲ್ಕೂ ಗಾಲಿ ಕಚ್ಚಿಕೊಂಡು ನಿಂತವು, ಕಾರು ಮಾತ್ರ ಹಲಗೆ ಜಾರಿದಂತೆ ಜಾರುತ್ತಾ ರಸ್ತೆಯ ನಡುವಿಗೆ ಬಂತು. ಅವನು ಸ್ಟೀರಿಂಗನ್ನು ಎತ್ತ ತಿರುಗಿಸಿದರೂ ಮೂತಿ ವ್ಯಾನಿನ ಕಡೆಗೇ. ಗಾಜಿನ ಹಿಂದೆ ದೊನ್ ಎವಾರಿಸ್ತೊ ಕೈಕಟ್ಟಿ ಕೂತು ಅದನ್ನೇ ನೋಡುತ್ತಿದ್ದ. ಇಳಿಸಲು ಹೊತ್ತಿರಲಿಲ್ಲ.

ನೇಲಿದಾ ಫುಟ್‌ಪಾತಿನ ಮೇಲೆ ಕಾರಿನ ಜೊತೆಜೊತೆಗೇ ಏಳುತ್ತಾ ಬೀಳುತ್ತಾ ಓಡಿದಳು.

"ಬ್ರೇಕ್ ಬಿಡು! ಲೋ, ಕಾಲು ತೆಗಿಯೋ! ಬಿಡೋ ಬ್ರೇಕು!"

ಅವನು ಅವಳ ಕಡೆ ತಿರುಗಿದ. ಬಾಯಲ್ಲಿ ಬ್ರೆಡ್ಡು ಹಾಗೇ ಇತ್ತು.

"ಬಿಡು! ಬಲಕ್ಕೆ ತಿರುಗಿಸು! ಹಿಮದ ಗುಡ್ಡೆಗೆ ಹಾಕು!"

ಕೆಂಪು ದೀಪ ಆರಿತು. ಗಾಲಿಗಳು ಉರುಳಿದವು. ಒಂದು ಕ್ಷಣ ಕಾರಿನ ವೇಗ ಹೆಚ್ಚಾಯಿತು. ಆ ಕ್ಷಣದಲ್ಲಿ ತಾನು ಹೇಳಿದ್ದು ತಪ್ಪೆಂದೇ ಅವಳಿಗೆ ಅನ್ನಿಸಿತು. ಆಮೇಲೆ ಗಾಲಿಗೆ ಹಿಡಿತ ಸಿಕ್ಕಿತು. ಮೂತಿ ಬಲಕ್ಕೆ ಹೊರಳಿ, ರಸ್ತೆ ಗುಡಿಸುವ ಯಂತ್ರ ಬದಿಗೆ ದಬ್ಬಿಟ್ಟಿದ್ದ ಹಿಮದ ರಾಶಿಯೊಳಗೆ ಕಾರು ಮುಂದಿನ ಗಾಜಿನವರೆಗೂ ಹೂತುಹೋಯಿತು. ಬೀಸಿ ಬಂದ ಅದರ ಹಿಂಭಾಗ ವ್ಯಾನಿನ ಬಂಪರಿಗೆ ಎರಡು ಗೇಣು ದೂರದಲ್ಲಿ ನಿಂತಿತು.

ಫಾಬ್ರಿಸಿಯೊ ಆ ಕಡೆಯ ಬಾಗಿಲಿನಿಂದ ತೆವಳಿಕೊಂಡು ಹೊರಬಂದ. ಬ್ರೆಡ್ಡನ್ನು ಉಗುಳಿ ಹಿಮದ ಮೇಲೆ ಕೂತುಬಿಟ್ಟ. ಬೈಯಬೇಕೆಂದು ಹತ್ತಿರ ಹೋದ ನೇಲಿದಾ, ಅವನ ಗಲ್ಲ ನಡುಗುವುದನ್ನು ನೋಡಿ ತನ್ನ ಟೊಪ್ಪಿ ತೆಗೆದು ಅವನ ತಲೆಗೆ ಹಾಕಿದಳು.

ಆಸ್ಪತ್ರೆಗೆ ಹೊತ್ತಾಗಿತ್ತು. ಕಾರನ್ನು ಬಳಸಿ ಮೇಲೆ ಹೋಗಿ, ವ್ಯಾನು ತಿರುಗಿಸಿಕೊಂಡು ಅದೇ ಏರನ್ನು ಇಳಿಯಬೇಕು. ಅವಳು ಮೊದಲ ಗೇರಿಗೆ ಹಾಕಿದಳು. ಬಲಗಾಲು ತಾನಾಗಿಯೇ ಬ್ರೇಕಿನ ಕಡೆಗೆ ಹೋಗುತ್ತಿತ್ತು. ಅದನ್ನು ಹಿಂದಕ್ಕೆಳೆದು ಸೀಟಿನ ಬುಡಕ್ಕೆ ಒತ್ತಿ ಹಿಡಿದಳು. ಎಂಜಿನ್ ಗುರ್ರೆನ್ನುತ್ತಾ ವ್ಯಾನನ್ನು ತಡೆದು ತಡೆದು ಇಳಿಸಿತು. ಕೆಳಗಿನ ರಸ್ತೆ ಮುಟ್ಟುವವರೆಗೂ ಅವಳು ಕಣ್ಣು ಮಿಟುಕಿಸಲಿಲ್ಲ.

ಮಧ್ಯಾಹ್ನವಿಡೀ ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ಸುತ್ತಿದಳು. ಯಾರೋ ಕಾಫಿ ಕೊಟ್ಟರು, ಎಲ್ಲಿಟ್ಟಳೋ ನೆನಪಿಲ್ಲ. ನಾಲ್ಕು ಗಂಟೆಗೆ ಮುದುಕನನ್ನು ವಾಪಸ್ ಕರೆದುಕೊಂಡು ಹೊರಟಾಗ, ಏರಿನ ಬುಡದಲ್ಲಿ ವ್ಯಾನು ನಿಲ್ಲಿಸಿ ಹೇಳಿಯೇಬಿಟ್ಟಳು.

"ದೊನ್ ಎವಾರಿಸ್ತೊ, ಆ ನಿಯಮ ಸುಳ್ಳು. ನನಗೆ ಹೆದರಿಕೆ ಆಗ್ತಿತ್ತು. ಅದಕ್ಕೇ ನಿಮ್ಮನ್ನ ನಡೆಸ್ತಿದ್ದೆ."

"ಗೊತ್ತು ಬಿಡಮ್ಮ. ಹೋದ ವರ್ಷವೇ ಆಸ್ಪತ್ರೇಲಿ ಕೇಳಿದ್ದೆ. ಅಂಥದ್ದೇನೂ ಇಲ್ಲ ಅಂದ್ರು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಹೆದರಿದೋಳ ಪಕ್ಕ ಕೂತು ಇಳಿಯೋದಕ್ಕಿಂತ ನಡೆಯೋದೇ ವಾಸಿ ಅನ್ನಿಸ್ತು."

"ನಿಮ್ಮ ಬೆರಳು..."

ಅವನು ಕಟ್ಟು ಹಾಕಿದ ಕಾಲನ್ನೇ ನೋಡಿಕೊಂಡ. "ಅದು ಸಕ್ಕರೆ ಕಾಯಿಲೆಗೆ ಹೋಯ್ತು ಅಂತಾರೆ ಡಾಕ್ಟ್ರು. ಆದ್ರೂ ಸ್ವಲ್ಪ ನಿನ್ನ ಮೇಲೂ ಹಾಕ್ತೀನಿ. ಪೂರ್ತಿ ಬಿಟ್ಟುಬಿಡೋಷ್ಟು ಒಳ್ಳೆಯೋನಲ್ಲ ನಾನು."

ನೇಲಿದಾಳ ಕಣ್ಣಲ್ಲಿ ನೀರು ಬಂತು. ಹಾಗೇ ಎರಡನೇ ಗೇರಿಗೆ ಹಾಕಿ ಹತ್ತಿದಳು.

ಫಾಬ್ರಿಸಿಯೊ ಕಾರನ್ನು ಹಿಮದಿಂದ ಅಗೆದು ತೆಗೆದು, ಈ ಸಲ ಮೂತಿ ಮೇಲೆ ಮಾಡಿ ನಿಲ್ಲಿಸಿ, ಅವಳ ದಾರಿ ಕಾಯುತ್ತಿದ್ದ. ಗಾಲಿಯನ್ನೂ ತಿರುಗಿಸಿದ್ದ, ಫುಟ್‌ಪಾತಿನ ಕಡೆಗೆ.

"ಉಲ್ಟಾ ಕಣೋ! ಮೂತಿ ಕೆಳಗಿದ್ರೆ ಫುಟ್‌ಪಾತ್ ಕಡೆ, ಮೇಲಿದ್ರೆ ರಸ್ತೆ ಕಡೆ! ಹುಹುಯ್‌ನಲ್ಲಿ ಏನು ಕತ್ತೆ ಮೇಲೆ ಓಡಾಡ್ತಿದ್ಯಾ?"

"ಹೌದು ಸೆನ್ಯೋರಾ," ಎಂದ ಅವನು, ಬೆಪ್ಪಾಗಿ ನಗುತ್ತಾ.

ಆ ಚಳಿಗಾಲ ಮುಗಿಯುವವರೆಗೂ ವಾರಕ್ಕೆ ಮೂರು ಸಲ ಅವಳು ಆ ಏರು ಹತ್ತಿ ಇಳಿದಳು. ಹೆದರಿಕೆ ಹೋಗಲಿಲ್ಲ. ಕೆಲವು ದಿನ ಇಳಿಯುವ ಮೊದಲು "ಇವತ್ತು ಮಂಡಿ ನಡುಗ್ತಿದೆ" ಎಂದು ಬಾಯಿಬಿಟ್ಟು ಹೇಳುತ್ತಿದ್ದಳು. ಆಗ ದೊನ್ ಎವಾರಿಸ್ತೊ ಸೀಟಿನ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿಕೊಂಡು, "ಸರಿ, ನಿಧಾನಕ್ಕೆ ಹೋಗು," ಎನ್ನುತ್ತಿದ್ದ.