ಮೂರನೆಯ ದೋಣಿಯವನು

ಚಿತ್ರಕಲೆ ಕಲಿಸುತ್ತಿದ್ದ ಕೆಲಸದಿಂದ ನಿವೃತ್ತಳಾದ ಮೇಲೆ ಮೂಡುಬಿದಿರೆಯ ಅನಂತಮತಿ ಊರೂರು ತಿರುಗಿ ಚಿತ್ರ ಬರೆಯುತ್ತಿದ್ದಳು. ಜೊತೆಗೆ ಬರುತ್ತಿದ್ದ ತಂಗಿ ತೀರಿಕೊಂಡು ಎರಡು ವರ್ಷ. ಈಗ ಊಟಕ್ಕೇನು ಬೇಕೆಂದು ಕೇಳುವ ಹೋಟೆಲಿನವರನ್ನು ಬಿಟ್ಟರೆ ಅವಳೊಡನೆ ಮಾತಾಡುವವರಿರಲಿಲ್ಲ.

ಜನವರಿಯಲ್ಲಿ ಕೇರಳದ ಆಲಪ್ಪುಳ ಪೇಟೆಯ ಕಾಲುವೆ ದಂಡೆಯಲ್ಲಿ ಕೂತು, ಸಾಲಾಗಿ ಕಟ್ಟಿದ ದೋಣಿಗಳನ್ನು ಜಲವರ್ಣದಲ್ಲಿ ಬರೆಯುತ್ತಿದ್ದಾಗ ಕುಂಚ ಜಾರಿ ನೀರಿಗೆ ಬಿತ್ತು. ಅವಳ ಬಾಯಿಂದ ತುಳು ಹೊರಟಿತು. ಮೂರನೆಯ ದೋಣಿಯಲ್ಲಿ ಬೆನ್ನು ಹಾಕಿ ಕೂತಿದ್ದವನು ತಟ್ಟನೆ ತಿರುಗಿದ. ಕುಂಚ ಎತ್ತಿಕೊಟ್ಟು, ತುಳುವಿನಲ್ಲೇ ಯಾವ ಊರೆಂದು ವಿಚಾರಿಸಿದ.

ಅವನ ಹೆಸರು ರುಕ್ಮಯ್ಯ, ಬೆಳ್ತಂಗಡಿಯವನು. ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಮಾತಾಡುತ್ತ ತುಳು ಶಬ್ದಗಳಿಗೆ ತಡಕಾಡುತ್ತಿದ್ದ. ತಂಗಿ ಪ್ರೇಮಾವತಿ ಬೆಳ್ತಂಗಡಿಯ ಸಂತೆಕಟ್ಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆಂದು ಲಾರಿಯವರೊಬ್ಬರಿಂದ ತಿಳಿದಿದ್ದ. ಒಂದು ಫೋನ್ ಮಾಡಬಹುದಲ್ಲ ಎಂದಳು ಅನಂತಮತಿ.

"ಅಮ್ಮ ತೀರಿಹೋದಾಗಲೂ ಹೋಗಲಿಲ್ಲ ಅಕ್ಕ. ಈಗ ಯಾವ ಮುಖದಲ್ಲಿ ಮಾತಾಡುವುದು? ಈ ಚಿತ್ರ ಅವಳಿಗೆ ಕೊಡಿ. ನಾನು ಇದ್ದೇನೆ ಅಂತ ಗೊತ್ತಾದರೆ ಸಾಕು."

ಫೋಟೋ ತೆಗೆಯಲು ಬಿಡಲಿಲ್ಲ. ಹಗ್ಗ ಬಿಚ್ಚಿ ಹೊರಟುಹೋದ.

ವಾರದೊಳಗೆ ಅನಂತಮತಿ ಬೆಳ್ತಂಗಡಿಗೆ ಹೋದಳು. ಪ್ರೇಮಾವತಿ ಹೊಲಿಗೆ ಮೆಷಿನ್ ನಿಲ್ಲಿಸಿ, ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದಳು. ಅವಳ ಅಣ್ಣ ಅಲ್ಲಿದ್ದದ್ದು ಎರಡು ಗೆರೆಗಳಲ್ಲಿ: ಬಾಗಿದ ಬೆನ್ನು, ತಲೆಗೆ ಸುತ್ತಿದ ಬೈರಾಸು.

"ಸಪೂರ ಆಗಿದ್ದಾನಾ ಟೀಚರೇ?"

ಆಗಿದ್ದಾನೆ, ಕೂದಲೂ ನೆರೆತಿದೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ ಎಂದಳು ಅನಂತಮತಿ. ಅಪ್ಪನೂ ಹಾಗೆಯೇ ನಗುತ್ತಿದ್ದನೆಂದು ಹೇಳಿ ಪ್ರೇಮಾವತಿ ತಲೆ ತಗ್ಗಿಸಿದಳು. ಅಲ್ಲಿಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದಳು. ಮಂಗಳೂರು ದಾಟಿ ಅವಳೆಂದೂ ಹೋದವಳಲ್ಲ.

ಫೆಬ್ರವರಿಯಲ್ಲಿ ಇಬ್ಬರೂ ರೈಲು ಹತ್ತಿದರು. ಪ್ರೇಮಾವತಿಯ ಚೀಲದಲ್ಲಿ ಅಂದಾಜಿನಲ್ಲಿ ಹೊಲಿದ ಒಂದು ಅಂಗಿಯಿತ್ತು.

ಕಾಲುವೆಯಲ್ಲಿ ಆ ದೋಣಿ ಇತ್ತು, ಬೇರೆಯವನು ಕೂತಿದ್ದ. ಅನಂತಮತಿ ತನಗೆ ಬರುವ ಅರೆಬರೆ ಮಲಯಾಳದಲ್ಲಿ ವಿಚಾರಿಸಿದಳು. ಚಿತ್ರ ಬರೆಯುವ ಹೆಂಗಸು ಬಂದುಹೋದ ಮರುದಿನವೇ ರುಕ್ಮಯ್ಯ ಕೆಲಸ ಬಿಟ್ಟನಂತೆ. ಎಲ್ಲಿಗೆಂದು ಯಾರಿಗೂ ಹೇಳಿರಲಿಲ್ಲ.

ಜನವರಿಯಲ್ಲಿ ತಾನು ಬಾರದೆ ಇದ್ದಿದ್ದರೆ ಅವನು ಇಲ್ಲೇ ಇರುತ್ತಿದ್ದ ಎಂದುಕೊಂಡಳು ಅನಂತಮತಿ. ಇಬ್ಬರೂ ಸಂಜೆಯವರೆಗೆ ದಂಡೆಯಲ್ಲಿ ಕೂತರು. ಹಾದುಹೋಗುವ ಒಂದೊಂದು ದೋಣಿಯನ್ನೂ ಪ್ರೇಮಾವತಿ ಕುತ್ತಿಗೆ ಚಾಚಿ ನೋಡಿದಳು. ಕೊನೆಗೆ ಅಂಗಿಯನ್ನು ದೋಣಿಯವನ ಕೈಗಿಟ್ಟು, ಅಣ್ಣ ಬಂದರೆ ಕೊಡಬೇಕೆಂದು ಸನ್ನೆಯಲ್ಲಿ ತಿಳಿಸಿದಳು.

"ಹೋಗುವ ಟೀಚರೇ," ಎಂದಳು. "ಕತ್ತಲಾಗುತ್ತದೆ."