ಬಾಟಲಿಯಲ್ಲಿ ಅಕ್ಕನ ಗುಲಾಬಿ

ಅಕ್ಕ ತೀರಿಕೊಂಡ ಮೇಲೆ ಅವಳ ಗುಲಾಬಿಯೂ ಹಾಸಿಗೆ ಹಿಡಿಯಿತು. ಎರಡು ಜಾತಿ ಕೂಡಿಸಿ ಅಕ್ಕನೇ ಹುಟ್ಟಿಸಿದ ಗಿಡ. ಜಗತ್ತಿನಲ್ಲಿ ಇನ್ನೊಂದಿಲ್ಲ. ಮಕ್ಕಳಿಲ್ಲದ ಆ ಮನೆಗೆ ಅದೊಂದೇ ಕುಡಿ. ದುಃಖ ತಡೆಯದೆ ಭಾವ ನೀರು ಸುರಿದೂ ಸುರಿದೂ ಬೇರು ಕೊಳೆಸಿಬಿಟ್ಟರು. ಉಳಿದ ಒಂದು ಹಸಿರೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಪುಟ್ಟಿ ಪ್ರಯೋಗಾಲಯಕ್ಕೆ ಓಡಿದಳು. ತಲೆ ನರೆತರೂ ತಂಗಿಯಾದವಳು ಪುಟ್ಟಿಯೇ ತಾನೇ?

ಎಲೆಯ ಚೂರಿನಿಂದ ಇಡೀ ಗಿಡ ಎಬ್ಬಿಸುವುದೇ ಅವಳ ಹೊಟ್ಟೆಪಾಡು. ಬಾಟಲಿಯ ತಳದ ಜೆಲ್ಲಿಯಲ್ಲಿ ಎರಡು ಹಾರ್ಮೋನುಗಳ ಸಂಸಾರ. ಆಕ್ಸಿನ್ ಕೈ ಮೇಲಾದರೆ ಬೇರು, ಸೈಟೊಕೈನಿನ್ ಕೈ ಮೇಲಾದರೆ ಚಿಗುರು. ಇಬ್ಬರೂ ಸರಿಸಮ ನಿಂತರೆ ಚೂರು ಅತ್ತ ಬೇರೂ ಆಗದೆ ಇತ್ತ ಚಿಗುರೂ ಆಗದೆ ಸುಮ್ಮನೆ ಊದಿಕೊಳ್ಳುತ್ತದೆ. ಕ್ಯಾಲಸ್ ಎಂಬ ಆ ಉಂಡೆಯನ್ನು ಸಕಾಲಕ್ಕೆ ಚಿಗುರಿನ ಜೆಲ್ಲಿಗೆ ದಾಟಿಸಬೇಕು. ದಾಟಿಸಿದವುಗಳಲ್ಲಿ ಕೆಲವು ಕಪ್ಪಾಗಿ ಸಾಯುತ್ತವೆ. ಊರವರ ಗಿಡವಾದರೆ ಪುಟ್ಟಿ ಕಣ್ಣು ಮಿಟುಕಿಸದೆ ದಾಟಿಸುತ್ತಿದ್ದಳು. ಅಕ್ಕನದು ಬಂದಾಗ ಕೈ ಬರಲಿಲ್ಲ. ಕತ್ತರಿಸಿ, ಮತ್ತೆ ಅದೇ ಸರಿಸಮದ, ಸುಖದ ಜೆಲ್ಲಿಗೇ ಇಟ್ಟಳು. ಉಂಡೆ ಮೈ ತುಂಬಿಕೊಂಡಿತು. ಮತ್ತೆ ಕತ್ತರಿಸಿದಳು, ಮತ್ತೆ ಅಲ್ಲಿಗೇ ಇಟ್ಟಳು.

ಎಲ್ಲದಕ್ಕೂ ಹದ ಹದ ಎನ್ನುವ ಮೇಲಧಿಕಾರಿಗೆ ‘ಹದ ಸಾರ್’ ಎಂದೇ ಹೆಸರು. ಅವರು ಬಾಟಲಿ ಎತ್ತಿ ನೋಡಿದರು.

“ಇನ್ನೂ ಚಿಗುರಿಗೆ ಹಾಕಿಲ್ವೇನಮ್ಮ?”

“ಸ್ವಲ್ಪ ಬಲಿಯಲಿ ಸಾರ್.”

“ಬಲಿಯಲಿ ಬಲಿಯಲಿ ಅಂತ ಬಲಿ ಕೊಟ್ಟುಬಿಟ್ಟೀಯ, ನೋಡ್ಕೋ.”

ಭಾವ ವಾರಕ್ಕೊಮ್ಮೆ ಬಂದು, ಆಸ್ಪತ್ರೆಗೆ ಬಂದವರ ಹಾಗೆ ಗಾಜಿನ ಕಿಟಕಿಯಾಚೆ ನಿಲ್ಲುತ್ತಿದ್ದರು.

“ದಪ್ಪ ಆಗಿದಾಳಲ್ಲೇ ಪುಟ್ಟಿ! ಬದುಕಿದ್ದಾಗ ಹಿಂಗಂದಿದ್ರೆ ಸೌಟು ಬೀಸಿರೋಳು.”

“ನೀವು ಅಂದಿರ್ತೀರ, ಬೀಸಿರ್ತಾಳೆ ಬಿಡಿ.”

“ಗಿಡದ ಹಳೇ ಗುಂಡೀಲಿ ಮಣ್ಣು ಬದಲಾಯ್ಸಿದೀನಿ. ಈ ಸಲ ನೀರು ನೀನು ಹೇಳಿದಷ್ಟೇ, ಆಣೆ.”

ಆ ಗುಂಡಿಯ ಮಾತು ಚುಚ್ಚಿತು. ಪುಟ್ಟಿ ಕೊನೆಗೂ ಮನಸ್ಸು ಗಟ್ಟಿ ಮಾಡಿಕೊಂಡು, ಒಂದು ಚೂರು ಮಾತ್ರ ಹಳೇ ಜೆಲ್ಲಿಯಲ್ಲೇ ಉಳಿಸಿ, ಮಿಕ್ಕದ್ದನ್ನೆಲ್ಲ ಚಿಗುರಿನ ಜೆಲ್ಲಿಗೆ ದಾಟಿಸಿದಳು. ಕೆಲವು ಕಪ್ಪಾದವು. ಮಿಕ್ಕವು ಕಪ್ಪೂ ಆಗಲಿಲ್ಲ, ಹಸಿರೂ ಆಗಲಿಲ್ಲ. ನೆಂಟರ ಮನೆಯಲ್ಲಿ ಝಂಡಾ ಊರಿದವರಂತೆ ಉಂಡುಕೊಂಡು ಉಂಡೆಯಾಗಿಯೇ ಕೂತವು. ಸೈಟೊಕೈನಿನ್ ಏರಿಸಿದಳು, ಇಳಿಸಿದಳು, ಬೆಳಕು ಬದಲಿಸಿದಳು. ಏನೂ ಇಲ್ಲ.

ಹದ ಸಾರ್ ಈ ಸಲ ತಮಾಷೆ ಮಾಡಲಿಲ್ಲ. “ಚಿಗುರೋ ಜೀನು ಎಲ್ಲೂ ಹೋಗಿಲ್ಲಮ್ಮ, ಒಳಗೇ ಇದೆ. ಆದ್ರೆ ತುಂಬ ಕಾಲ ಉಂಡೆಯಾಗೇ ಇಟ್ರೆ ಅದಕ್ಕೆ ಬೀಗ ಬಿದ್ದುಬಿಡತ್ತೆ. ಆಮೇಲೆ ಹಾರ್ಮೋನು ಎಷ್ಟು ಬಾಗಿಲು ಬಡಿದ್ರೂ ಅಷ್ಟೇ. ನಿಂಗೆ ಗೊತ್ತಿಲ್ದೇ ಇರೋದಾ?”

ಗೊತ್ತಿತ್ತು. ಹೊಸಬರಿಗೆ ಪಾಠ ಹೇಳುವಾಗ ಅವಳೇ, ‘ಕೂತು ಉಂಡರೆ ಕುಡಿ ಒಡೆಯಲ್ಲ ಕಣ್ರೋ’ ಎಂದು ನಗಿಸುತ್ತಿದ್ದಳು.

ಭಾವ ಬಂದಾಗ ಹೇಳಿದಳು. ಹೆದರಿ ಕೂತದ್ದು ತಾನು, ಹೊತ್ತು ಮೀರಿಸಿದ್ದು ತಾನು ಎಂಬುದನ್ನೂ ಮುಚ್ಚಿಡಲಿಲ್ಲ. ಭಾವ ಹಳೇ ಜೆಲ್ಲಿಯ ಬಾಟಲಿಯತ್ತ ಬೆರಳು ತೋರಿಸಿದರು.

“ಇದಕ್ಕೆ ಜೀವ ಇದೆಯೇನೇ?”

“ಇದೆ. ಜೆಲ್ಲಿ ಬದಲಾಯಿಸ್ತಾ ಇರೋವರೆಗೂ ಇರತ್ತೆ.”

“ಹೂವು?”

ಪುಟ್ಟಿ ಇಲ್ಲವೆಂದು ತಲೆಯಾಡಿಸಿದಳು.

“ನಾನು ನೀರು ಹಾಕಿ ಕೊಂದೆ, ನೀನು ಊಟ ಹಾಕಿ ಕೊಂದೆ. ಒಳ್ಳೇ ಜೋಡಿ ಸಿಕ್ಕಿದ್ವಿ ಅವಳಿಗೆ.” ಭಾವ ಕಿಟಕಿಯಿಂದ ಹಿಂದೆ ಸರಿದರು. “ಸಾಕು ಪುಟ್ಟಿ. ಬಿಟ್ಟುಬಿಡು ಅವಳನ್ನ.”

“ಆಯ್ತು ಭಾವ,” ಎಂದಳು.

ಅವರು ಮೆಟ್ಟಿಲಿಳಿದ ಸದ್ದು ಅಡಗಿತು. ಪುಟ್ಟಿ ಕೈಗೆ ಸ್ಪಿರಿಟ್ ಸವರಿಕೊಂಡಳು. ಚಿಮಟ ಕಾಯಿಸಿ, ಉಂಡೆಯನ್ನು ಎರಡು ಹೋಳು ಮಾಡಿ, ಒಂದೊಂದನ್ನೂ ಅದೇ ಸುಖದ ಜೆಲ್ಲಿಯ ಹೊಸ ಬಾಟಲಿಯಲ್ಲಿ ಮೆಲ್ಲಗೆ ಕೂರಿಸಿದಳು.